ಬಾಗಿನದ ಜೊತೆಗೊಂದು ಸೈನು

ಈ ಸಲದ ಗೌರಿ ಬಾಗಿನ ಫೋನ್‌ಪೇಯಲ್ಲಿ ಬಂತು. ಅದರಲ್ಲಿ ಹೊಸದೇನಿಲ್ಲ. ನನ್ನ ತಮ್ಮ ಮೊರದ ಬಾಗಿನ ಹಿಡಿದು ಬೆಂಗಳೂರಿನ ಬಸ್ಸು ಹತ್ತುವುದನ್ನು ಬಿಟ್ಟು ಆರೇಳು ವರ್ಷವಾಯಿತು. ಹಬ್ಬದ ಹಿಂದಿನ ದಿನ ಸಾವಿರ ರೂಪಾಯಿ ಹಾಕಿ, 'ಸೀರೆ ತಗೋ ಅಕ್ಕ' ಎಂದು ಒಂದು ಸಾಲು ಬರೆಯುತ್ತಾನೆ. ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ಈ ಸಲ 5,000 ಬಂದಿತ್ತು. ಸೊನ್ನೆ ಸರಿಯಾಗಿ ಎಣಿಸಿದೆನಾ ಅಂತ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ.

ಸಂಜೆ ಅವನದೇ ಫೋನು.

"ದುಡ್ಡು ಬಂತಾ ಅಕ್ಕ?"

"ಬಂತು ಕಣೋ. ಯಾಕಿಷ್ಟು ಹಾಕಿದೀಯ?"

"ಇರ್ಲಿ ಬಿಡು, ಹಬ್ಬ ಅಲ್ವಾ. ಮತ್ತೆ ಅಕ್ಕ, ರೋಡ್ ಪಕ್ಕದ ಹನ್ನೆರಡು ಗುಂಟೆ ಇದೆಯಲ್ಲ, ಅದು ಇನ್ನೂ ತಾತನ ಹೆಸರಲ್ಲೇ ಉಳ್ಕೊಂಡಿದೆಯಂತೆ. ಆವತ್ತು ನೀನು ಸೈನ್ ಹಾಕಿದ ಪತ್ರದಲ್ಲಿ ಆ ಸರ್ವೆ ನಂಬರು ಬಿಟ್ಟೋಗಿದೆ. ಒಂದಿನ ರಜೆ ಹಾಕಿ ಬಂದ್ಬಿಡು, ಇನ್ನೊಂದು ಸೈನ್ ಹಾಕಿದ್ರೆ ಮುಗೀತು."

ನೋಡ್ತೀನಿ ಅಂದೆ. ಫೋನಿಟ್ಟ ಮೇಲೂ ಆ 'ಇನ್ನೊಂದು' ಎಂಬ ಮಾತು ಕಿವಿಯಲ್ಲಿ ಉಳಿಯಿತು.

ಮೊದಲನೆಯದು ಹಾಕಿದ್ದು 2011ರಲ್ಲಿ. ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು. ವರ್ಷದ ತಿಥಿ ಮುಗಿಸಿ ನಾನು ಬೆಂಗಳೂರಿಗೆ ಹೊರಟಾಗ ಸೋದರಮಾವ, "ಇನ್ನೊಂದಿನ ಇದ್ದು ಹೋಗವ್ವ, ಖಾತೆ ಕೆಲಸ ಒಂದಿದೆ" ಅಂದರು. ಮಾರನೇ ದಿನ ತಾಲ್ಲೂಕು ಕೇಂದ್ರಕ್ಕೆ ಹೋದೆವು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಸಾಲಂಗಡಿಯಲ್ಲಿ ಪತ್ರ ಬರಹಗಾರರು ಆಗಲೇ ಟೈಪ್ ಮಾಡಿಸಿ ಇಟ್ಟಿದ್ದರು. ಹಕ್ಕು ಖುಲಾಸೆ ಪತ್ರ. ನಾಲ್ಕು ಎಕರೆ ಹತ್ತು ಗುಂಟೆ ತೆಂಗಿನ ತೋಟದಲ್ಲಿ, ಊರ ಮನೆಯಲ್ಲಿ ನನಗಿರುವ ಹಕ್ಕನ್ನು 'ಪ್ರೀತಿ ವಿಶ್ವಾಸದಿಂದ, ಯಾರ ಬಲವಂತವೂ ಇಲ್ಲದೆ, ಅರಿಶಿನ ಕುಂಕುಮದ ಬಾಬ್ತು' ಇಷ್ಟು ಹಣ ಪಡೆದು ನನ್ನ ತಮ್ಮನಿಗೆ ಬಿಟ್ಟುಕೊಟ್ಟಿರುತ್ತೇನೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಅದರ ಮೇಲೆ ಯಾವ ಹಕ್ಕೂ ಇರುವುದಿಲ್ಲ, ಇತ್ಯಾದಿ. ಒಂದು ಕಡೆ 'ಹಕ್ಕು' ಎನ್ನುವುದು 'ಹಕ್ಕಿ' ಎಂದು ಟೈಪಾಗಿತ್ತು. ನನ್ನ ಹಕ್ಕಿಯನ್ನು ಬಿಟ್ಟುಕೊಟ್ಟಿರುತ್ತೇನೆ. ನಾನೇ ಬೆರಳಿಟ್ಟು ತೋರಿಸಿ ತಿದ್ದಿಸಿದೆ. ಬ್ಯಾಂಕಿನಲ್ಲಿ ಸಾಲದ ವಿಭಾಗದವಳಲ್ಲವೇ, ಕಾಗದದಲ್ಲಿ ತಪ್ಪಿದ್ದರೆ ಸಹಿಸಲಾಗುವುದಿಲ್ಲ.

ಒಳಗೆ ಫೋಟೋ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. "ಏನಮ್ಮ, ಒಪ್ಪಿ ಬರೆದುಕೊಟ್ಟಿದ್ದೀರಾ? ದುಡ್ಡು ಮುಟ್ಟಿದೆಯಾ?" ಅಂತ ಕೇಳಿದರು. ಹೂಂ ಅಂದೆ. ಹೊರಗೆ ಬಂದು ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ತಮ್ಮ ಬಿಲ್ಲು ಕೊಟ್ಟ. ಬಸ್ಸು ಹತ್ತಿಸುವಾಗ ಎಳನೀರಿನ ಗೊನೆಯೊಂದನ್ನು ಸೀಟಿನ ಕೆಳಗೆ ತಳ್ಳಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ. ಅವನ ಪ್ರೀತಿ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು.

ಪಿತೃಪ್ರಧಾನ ವ್ಯವಸ್ಥೆ ಅಂದಕೂಡಲೇ ಬೆಲ್ಟು ಬಿಚ್ಚುವ ಗಂಡ, ಓದು ಬಿಡಿಸುವ ಅಪ್ಪ ಕಣ್ಣ ಮುಂದೆ ಬರುತ್ತಾರೆ. ಅಂಥವರು ಇಲ್ಲವೆಂದಲ್ಲ. ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪ ನನ್ನನ್ನು ತುಮಕೂರಿನ ಹಾಸ್ಟೆಲಿಗೆ ಸೇರಿಸಿ ಬಿಕಾಂ ಓದಿಸಿದವರು. ನನ್ನ ಬ್ಯಾಂಕ್ ಪರೀಕ್ಷೆಯ ಅರ್ಜಿ ತುಂಬಿದ ದಿನ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಪೆನ್ನು ಕೊಡಿಸಿದವರು. ಅದೇ ಅಪ್ಪ, ತೋಟದಲ್ಲಿ ಹೊಸ ಸಸಿ ನೆಡುವಾಗ, "ನಿನ್ನ ತಮ್ಮನ ಕಾಲಕ್ಕೆ ಫಸಲು ಬರ್ತದೆ" ಅನ್ನುತ್ತಿದ್ದರು. ಪಕ್ಕದಲ್ಲಿ ಮಣ್ಣು ಎಳೆಯುತ್ತಾ ನಿಂತವಳು ನಾನು. ಆ ಮಾತಿನಲ್ಲಿ ಕೊಂಕು ಇರಲಿಲ್ಲ, ದ್ವೇಷ ಇರಲಿಲ್ಲ. ಮಳೆ ಮೇಲಿಂದ ಬೀಳುತ್ತದೆ ಎಂದಷ್ಟೇ ಸಹಜವಾಗಿ ಹೇಳಿದ ಮಾತು. ಕೇಳಿದ ನನಗೂ ಹಾಗೆಯೇ ಕೇಳಿಸಿತು. ಅದೇ ಅದರ ಬಲ.

ಸೈನು ಹಾಕುವಾಗ ಕಾನೂನು ಗೊತ್ತಿರಲಿಲ್ಲವಾ ಅಂತ ಯಾರಾದರೂ ಕೇಳಬಹುದು. ಚೆನ್ನಾಗಿ ಗೊತ್ತಿತ್ತು. ಸಾಲದ ಕಡತಗಳಲ್ಲಿ ವಕೀಲರ ಅಭಿಪ್ರಾಯ ಓದಿ ಓದಿ ತಾರೀಖುಗಳೂ ಬಾಯಿಪಾಠ. 9 ಸೆಪ್ಟೆಂಬರ್ 2005ರಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ನಮ್ಮ ಕರ್ನಾಟಕದಲ್ಲಿ ಅದಕ್ಕೂ ಹನ್ನೊಂದು ವರ್ಷ ಮೊದಲೇ, 30 ಜುಲೈ 1994ರಿಂದ ಆ ಹಕ್ಕು ಬಂದಿತ್ತು. ಆದರೆ ಅದರಲ್ಲೊಂದು ಮುಳ್ಳಿತ್ತು. ಆ ತಾರೀಖಿಗೆ ಮೊದಲೇ ಮದುವೆಯಾದವಳಿಗೆ ಹಕ್ಕಿಲ್ಲ. ನಮ್ಮೂರಲ್ಲಿ ಆ ವರ್ಷದ ವೈಶಾಖದಲ್ಲಿ ಮದುವೆಯಾದವಳೊಬ್ಬಳಿದ್ದಳು, ಅವಳ ತಂಗಿಯ ಮದುವೆ ಮಾರನೇ ವರ್ಷ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು, ಒಬ್ಬಳು ಪಾಲುದಾರಳು, ಇನ್ನೊಬ್ಬಳು ನೆಂಟಳು. ಲಗ್ನಪತ್ರಿಕೆಯಲ್ಲಿ ಪುರೋಹಿತರು ನೋಡಿದ ಮುಹೂರ್ತ ವಿಧಾನಸೌಧದ ಮುಹೂರ್ತಕ್ಕೆ ಹೊಂದಲಿಲ್ಲ, ಅಷ್ಟೆ.

ಇನ್ನೂ ಹಿಂದಕ್ಕೆ ಹೋದರೆ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳಿಗೆಂದೇ ಒಂದು ಕಾಯಿದೆ ಮಾಡಿತ್ತು. ಮನೆ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಒಂದಿಷ್ಟು ಪಾಲು ಕೊಡಬೇಕು ಎಂದಿತ್ತು. ಗಂಡುಮಕ್ಕಳ ಸರಿಸಮ ಅಲ್ಲ, ಆದರೂ ಪಾಲು ಪಾಲೇ. ಸ್ವಾತಂತ್ರ್ಯ ಬಂದಮೇಲೆ ಅಂಬೇಡ್ಕರ್ ಹೆಣ್ಣುಮಕ್ಕಳಿಗೂ ಆಸ್ತಿ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲಿಗಾಗಿ ವರ್ಷಗಟ್ಟಲೆ ಹೆಣಗಿದರು. ಅದು ಮುಂದೆ ಸಾಗದೇ ಹೋದದ್ದಕ್ಕೆ 1951ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟರು. 1956ರಲ್ಲಿ ವಾರಸಾ ಕಾಯಿದೆ ಬಂದಾಗ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಸಿಕ್ಕಿತು, ಪಿತ್ರಾರ್ಜಿತದ ಹುಟ್ಟುಹಕ್ಕು ಮಾತ್ರ ಗಂಡುಮಕ್ಕಳದ್ದಾಗಿಯೇ ಉಳಿಯಿತು. ಆ ಕಾಯಿದೆಯ 23ನೇ ಕಲಮು ಓದಿದ್ದೀರಾ? ವಾಸದ ಮನೆಯಲ್ಲಿ ಮಗಳಿಗೆ ಪಾಲಿದ್ದರೂ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಅವಳು ಕೇಳುವಂತಿಲ್ಲ. ಅಲ್ಲಿ ಬಂದು ಇರುವ ಹಕ್ಕಾದರೂ ಇದೆಯಾ ಅಂದರೆ, ಅವಳು ಮದುವೆಯಾಗದವಳಾಗಿರಬೇಕು, ಇಲ್ಲವೇ ಗಂಡ ಬಿಟ್ಟವಳೋ ವಿಧವೆಯೋ ಆಗಿರಬೇಕು. ಅಂದರೆ ಗಂಡನ ಜೊತೆ ಬಾಳುತ್ತಿರುವವಳಿಗೆ ಹುಟ್ಟಿದ ಮನೆ ಕಾನೂನಿನ ಕಣ್ಣಲ್ಲೂ ನೆಂಟರ ಮನೆ. ಆ ಕಲಮು ಹೋಗಿದ್ದು 2005ರಲ್ಲಿ. ಮಗಳಿಗೆ ಪಿತ್ರಾರ್ಜಿತದ ಪಾಲು ಸಿಗಲು ಅವಳ ಅಪ್ಪ 2005ಕ್ಕೆ ಬದುಕಿರಬೇಕಿತ್ತೋ ಬೇಡವೋ ಎಂಬ ಜಗ್ಗಾಟ ಮತ್ತೆ ಹದಿನೈದು ವರ್ಷ ಕೋರ್ಟುಗಳಲ್ಲಿ ನಡೆದು, 11 ಆಗಸ್ಟ್ 2020ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 'ಬದುಕಿರಬೇಕಿಲ್ಲ' ಎಂದಿತು.

ಈ ಕೊನೆಯ ತೀರ್ಪೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಗಲೇ ಓದಿಕೊಂಡವಳೇ 'ಹಕ್ಕಿ'ಯನ್ನು ತಿದ್ದಿಸಿ ಸೈನು ಹಾಕಿದೆ.

ಯಾಕೆ ಹಾಕಿದೆ ಅಂದರೆ ಒಂದೇ ಮಾತು: ತವರು. ಹೆರಿಗೆಗೆ ಹೋಗಲು ತವರು ಬೇಕು. ಗಂಡನ ಜೊತೆ ಮುನಿಸಾದರೆ ನಾಲ್ಕು ದಿನ ಕೂತು ಬರಲು ತವರು ಬೇಕು. ಗೌರಿ ಹಬ್ಬಕ್ಕೆ 'ನಮ್ಮನೆಯಿಂದ ಬಂತು' ಅಂತ ಪಕ್ಕದ ಮನೆಯವಳಿಗೆ ತೋರಿಸಲು ತವರು ಬೇಕು. ಪಾಲು ಕೇಳಿದ ಹೆಣ್ಣುಮಗಳಿಗೆ ಪಾಲು ಸಿಗಬಹುದು, ತವರು ಹೋಗುತ್ತದೆ. ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯನ್ನು ನಮ್ಮೂರಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ. ಊರಲ್ಲಿ ಕೇಸು ಹಾಕಿದ ಒಬ್ಬಳ ಹೆಸರನ್ನು ಹತ್ತು ವರ್ಷ ಜಗಲಿಯ ಮೇಲೆ ಎಳೆದಾಡಿದರೆ ಸಾಕು, ಉಳಿದ ನೂರು ಹೆಣ್ಣುಮಕ್ಕಳು ತಾವಾಗಿಯೇ ಕಲಿಯುತ್ತಾರೆ.

ನನ್ನ ಮದುವೆಗೆ ಖರ್ಚಾಗಿತ್ತು ಎನ್ನುವುದು ಇನ್ನೊಂದು ಮಾತು. ಸೋದರಮಾವ ದೋಸೆ ಮುರಿಯುತ್ತಾ ಅದನ್ನು ಹೇಳಿದ್ದರು, "ಮದುವೇಲಿ ಅಷ್ಟು ಖರ್ಚು ಮಾಡಿದಾನಲ್ಲ ನಿಮ್ಮಪ್ಪ, ಅದೇ ನಿನ್ನ ಪಾಲು ಅಂದ್ಕೋ." ಅಂದುಕೊಂಡೆ. ಎಷ್ಟೋ ವರ್ಷದ ಮೇಲೆ ಒಂದು ರಾತ್ರಿ ಕೂತು ಆ ಲೆಕ್ಕ ಬರೆದು ನೋಡಿದೆ. ಛತ್ರದ ಬಾಡಿಗೆ, ವಾಲಗ, ಶಾಮಿಯಾನ, ಗಂಡಿನ ಕಡೆಯವರಿಗೆ ಬಟ್ಟೆ, ಎಂಟುನೂರು ಎಲೆ ಊಟ. ನನ್ನ ಪಾಲನ್ನು ಎಂಟುನೂರು ಜನ ಉಂಡು ಕೈತೊಳೆದಿದ್ದರು! ನನ್ನ ಕೈಯಲ್ಲಿ ಉಳಿದದ್ದು ಎರಡು ಬಳೆ, ಒಂದು ಸರ. ಮೂರು ವರ್ಷದ ನಂತರ ತಮ್ಮನ ಮದುವೆಗೂ ಹೆಚ್ಚುಕಮ್ಮಿ ಅಷ್ಟೇ ಖರ್ಚಾಯಿತು. ಅದನ್ನು ಅವನ ಪಾಲಿನಲ್ಲಿ ಕಳೆದವರಿಲ್ಲ.

ನನಗಿಂತ ಮೊದಲು ನಮ್ಮ ಸೋದರತ್ತೆ. ಅಪ್ಪನ ಒಬ್ಬಳೇ ತಂಗಿ. ತಾತ ಸತ್ತದ್ದು 1974ರಲ್ಲಿ. ಹನ್ನೊಂದನೇ ದಿನವೋ ಹದಿಮೂರನೇ ದಿನವೋ ಅವಳ ಹೆಬ್ಬೆಟ್ಟಿಗೆ ಮಸಿ ಬಳಿದು ಒಂದು ಛಾಪಾ ಕಾಗದದ ಮೇಲೆ ಒತ್ತಿಸಿದರಂತೆ. ಏನು ಬರೆದಿತ್ತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. "ಮಸಿ ಹೋಗೋಕೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ" ಎಂಬುದಷ್ಟೇ ಅವಳ ನೆನಪು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಮೂವತ್ತೇಳು ವರ್ಷದಲ್ಲಿ ನಮ್ಮ ಮನೆಯಲ್ಲಿ ಆದ ಪ್ರಗತಿ ಇಷ್ಟು: ಓದಿ ಅರ್ಥ ಮಾಡಿಕೊಂಡು ಬಿಟ್ಟುಕೊಡುವ ಹೆಣ್ಣು ತಯಾರಾದಳು.

ಈ ತನಕ ಬರೆದದ್ದರಲ್ಲಿ ನಾನು ಪಾಪದವಳಾಗಿ ಕಾಣುತ್ತಿದ್ದೇನೆ. ಇಲ್ಲಿಗೇ ನಿಲ್ಲಿಸಿದರೆ ನಾಲ್ಕು ಜನ ಅಯ್ಯೋ ಅಂದಾರು. ನಿಲ್ಲಿಸುವಂತಿಲ್ಲ. ಶಿವಮೊಗ್ಗದ ಕಥೆ ಬಾಕಿಯಿದೆ.

ನನ್ನ ಗಂಡನ ಊರು ಶಿವಮೊಗ್ಗ. ಮಾವ ಮೇಷ್ಟರಾಗಿದ್ದವರು, ಮೂವತ್ತು ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿದವರು. 2017ರಲ್ಲಿ ಉಯಿಲು ಬರೆಯದೇ ಹೋಗಿಬಿಟ್ಟರು. ವಾರಸುದಾರರು ಮೂವರು: ಅತ್ತೆ, ನನ್ನ ಗಂಡ, ನನ್ನ ನಾದಿನಿ. ಇದು ಮಾವನ ಸ್ವಯಾರ್ಜಿತ. ಬದುಕಿದ್ದಾಗ ಯಾರಿಗೆ ಬೇಕಾದರೂ ಬರೆದಿಡಬಹುದಿತ್ತು, ಬರೆದಿರಲಿಲ್ಲ, ಹಾಗಾಗಿ ಮೂವರಿಗೂ ಸಮಪಾಲು. ಇದಕ್ಕೆ 2005 ಕೂಡ ಬೇಕಿಲ್ಲ, 1956ರ ಕಾಯಿದೆಯೇ ಸಾಕು. ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಎಂದು ನಾವಿಬ್ಬರೂ ಲೆಕ್ಕ ಹಾಕಿದ್ದೆವು. ಸಾಲಕ್ಕೆ ಖಾತೆ ಗಂಡನ ಹೆಸರಿಗಾಗಬೇಕು. ನಾದಿನಿಯಿಂದ ಖುಲಾಸೆ ಪತ್ರ ಬೇಕು. ಪತ್ರದ ಒಕ್ಕಣೆಯನ್ನು ಕಂಪ್ಯೂಟರಿನಲ್ಲಿ ಕೂತು ಸರಿಮಾಡಿದವಳು ಯಾರು ಅಂತ ಬೇರೆ ಹೇಳಬೇಕಾ. ಅರಿಶಿನ ಕುಂಕುಮದ ಬಾಬ್ತು ಎಷ್ಟು ಎಂಬ ಜಾಗ ಖಾಲಿ ಬಿಟ್ಟಿದ್ದೆ.

ನಾದಿನಿ ಹುಬ್ಬಳ್ಳಿಯಲ್ಲಿದ್ದಳು. ಅವಳ ಗಂಡನ ಅಂಗಡಿ ಮುಚ್ಚಿ ಒಂದು ವರ್ಷವಾಗಿತ್ತು. ಫೋನು ಸ್ಪೀಕರಿನಲ್ಲಿತ್ತು, ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. "ಅಣ್ಣಾ, ನಾನು ಸೈನ್ ಹಾಕಲ್ಲ. ಬೇಜಾರು ಮಾಡ್ಕೋಬೇಡ. ನನ್ನ ಪಾಲು ನನಗಿರ್ಲಿ" ಅಂದಳು. ದನಿ ಏರಿಸಲಿಲ್ಲ, ಅಳಲಿಲ್ಲ. ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಎಂದ ಹಾಗಿತ್ತು.

ನನ್ನ ಬಾಯಿಂದ ಬಂದ ಮಾತು ಇದು: "ಮದುವೆಗೆ ಅಷ್ಟು ಖರ್ಚು ಮಾಡಿದಾರಲ್ಲ ಮಾವ, ಇನ್ನೇನು ಬೇಕಂತೆ ಇವಳಿಗೆ?"

ಸೋದರಮಾವನ ಮಾತು ಅಕ್ಷರಕ್ಷರ ನನ್ನ ಬಾಯಲ್ಲಿತ್ತು. ದೋಸೆಯ ಬದಲು ಹುರುಳಿಕಾಯಿ, ಅಷ್ಟೇ ವ್ಯತ್ಯಾಸ.

ಸ್ತ್ರೀವಾದ ಎಂದರೆ ಗಂಡಸರನ್ನು ಬೈಯುವುದಾ, ಸಮಾನತೆ ಕೇಳುವುದಾ, ಅಡುಗೆ ಮಾಡದಿರುವುದಾ ಎಂದು ನಮ್ಮ ಆಫೀಸಿನ ಊಟದ ಮೇಜಿನಲ್ಲಿ ವರ್ಷಕ್ಕೊಮ್ಮೆ, ಮಾರ್ಚ್ 8ರಂದು, ಗುಲಾಬಿ ಹೂ ಕೊಡುವಾಗ ಚರ್ಚೆ ಏಳುತ್ತದೆ. ನಾನೂ ಮಾತಾಡುತ್ತೇನೆ, ಚೆನ್ನಾಗಿಯೇ ಮಾತಾಡುತ್ತೇನೆ. ಆದರೆ ಆ ಪದ ನನಗೆ ಮೈಮೇಲೆ ಬಿದ್ದದ್ದು ಆ ಅಡುಗೆಮನೆಯಲ್ಲಿ. ನನಗೆ ನಾದಿನಿಯ ಮೇಲೆ ಸಿಟ್ಟು ಬಂದದ್ದು ಬರೀ ಬಾಡಿಗೆ ತಪ್ಪಿತು ಅಂತಲ್ಲ. 'ನಾನು ಬಿಟ್ಟೆನಲ್ಲ, ಇವಳಿಗೇನು ಕೊಂಬಾ?' ಅಂತ. ನಾಲ್ಕು ಎಕರೆ ಹತ್ತು ಗುಂಟೆಯಲ್ಲಿ ನನ್ನ ಪಾಲನ್ನು ಕೊಟ್ಟು ನಾನು ಕೊಂಡುಕೊಂಡಿದ್ದ ಒಳ್ಳೆಯ ಹೆಣ್ಣುಮಗಳು ಎಂಬ ಹೆಸರು, ಅವಳ ಒಂದು ಮಾತಿನಿಂದ ಕವಡೆಗೂ ಬೆಲೆಯಿಲ್ಲದ್ದಾಗಿ ಹೋಗಿತ್ತು. ತ್ಯಾಗ ಮಾಡಿದವಳು ಅದೇ ಅಳತೆಗೋಲು ಹಿಡಿದು ಮುಂದಿನವಳನ್ನು ಅಳೆಯುತ್ತಾಳೆ. ಅತ್ತೆ ಸೊಸೆಯನ್ನು ಕಾಡುವುದೂ ಈ ಲೆಕ್ಕದಲ್ಲೇ. ಗಂಡಸರು ಆ ಹೊತ್ತಿನಲ್ಲಿ ಹಾಲಿನಲ್ಲಿ ಕೂತು ಪೇಪರು ಓದುತ್ತಿರಬಹುದು. ಅವರು ಏಳುವ ಅಗತ್ಯವೂ ಬೀಳುವುದಿಲ್ಲ.

ಆವತ್ತು ರಾತ್ರಿ ಅತ್ತೆ ಒಂದು ಮಾತು ಅಂದರು. "ಮೂರು ಪಾಲು ಅಂತ ನೀವೇ ಅಂದ್ರಿ. ಅವಳ ಪಾಲು ಕೇಳಿದ್ರಿ. ನನ್ನದೂ ಒಂದಿದೆಯಲ್ಲ, ಅದನ್ನ ಯಾರೂ ಕೇಳೇ ಇಲ್ಲ." ಅವರ ದನಿಯಲ್ಲಿ ದೂರು ಇರಲಿಲ್ಲ, ಸೋಜಿಗ ಇತ್ತು. ನನ್ನ ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. ನಿಜ ಹೇಳಬೇಕೆಂದರೆ ಅವರ ಪಾಲಿಗೂ ಖುಲಾಸೆ ಪತ್ರ ಆಗಲೇ ತಯಾರಿತ್ತು. ಅವರನ್ನು ಕೇಳುವ ಕೆಲಸವೊಂದಿದೆ ಎಂದೇ ನಮಗೆ ಹೊಳೆದಿರಲಿಲ್ಲ.

ಎಂಟು ತಿಂಗಳು ಹಿಡಿಯಿತು. ಮನೆಗೆ ಬೆಲೆ ಕಟ್ಟಿಸಿ, ನಾವು ಸಾಲ ತೆಗೆದು, ನಾದಿನಿಗೆ ಅವಳ ಪಾಲಿನ ಪೂರಾ ಹಣ ಕೊಟ್ಟೆವು. ಅತ್ತೆಯ ಪಾಲು ಅವರ ಹೆಸರಲ್ಲೇ ಇದೆ. ನಾದಿನಿ ಆ ದುಡ್ಡಿನಲ್ಲಿ ಹುಬ್ಬಳ್ಳಿಯಲ್ಲಿ ಸಣ್ಣ ಮನೆಯೊಂದನ್ನು ತನ್ನ ಹೆಸರಿಗೆ ಕೊಂಡಳು. ಎರಡು ವರ್ಷ ನಮ್ಮ ಕಡೆ ಬರಲಿಲ್ಲ. ಕೊರೊನಾ ಇತ್ತು ಅಂತ ಎರಡೂ ಕಡೆಯವರು ಹೇಳಿಕೊಂಡೆವು. ಮೊದಲೆಲ್ಲ ಅವಳು ಬಂದರೆ ನೇರ ಅಡುಗೆಮನೆಗೆ ಬಂದು ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು ತೊಳೆಯುತ್ತಿದ್ದಳು, "ಕೂತ್ಕೊಳ್ಳಿ ಅತ್ತಿಗೆ" ಅನ್ನುತ್ತಿದ್ದಳು. 2022ರಲ್ಲಿ ಬಂದವಳು ಹಾಲಿನಲ್ಲಿ ಅಣ್ಣನ ಪಕ್ಕ ಕೂತು ಕಾಫಿ ಕುಡಿದಳು. ನನಗೆ ಕಿರಿಕಿರಿಯಾಯಿತು, ಮುಚ್ಚಿಡುವುದೇಕೆ. ಮಾರನೇ ದಿನ ಬೆಳಿಗ್ಗೆ ಹೊಳೆಯಿತು: ಇಷ್ಟು ವರ್ಷ ಅವಳು ತೊಳೆದದ್ದು ಬರೀ ಪಾತ್ರೆಯಲ್ಲ, ತವರಿಗೆ ಬರಲು ಕೊಡುತ್ತಿದ್ದ ಕಂದಾಯ ಅದು. ನಾನೂ ನಮ್ಮೂರಿಗೆ ಹೋದಾಗ ಬಸ್ಸಿಳಿದ ಹತ್ತು ನಿಮಿಷಕ್ಕೆ ಪೊರಕೆ ಹಿಡಿಯುತ್ತೇನೆ.

ನನ್ನ ಕೆಲಸದ ಮೇಜಿನಿಂದ ಇದೇ ವಿಷಯ ಇನ್ನೊಂದು ರೀತಿ ಕಾಣುತ್ತದೆ. ಸಾಲ ಕೇಳಲು ಬರುವ ಹೆಂಗಸಿಗೆ ನಾವು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಹೆಸರಲ್ಲಿ ಏನಾದ್ರೂ ಆಸ್ತಿ ಇದೆಯಾ?" ನಾಟಿ ಮಾಡುವವಳು, ಕಳೆ ಕೀಳುವವಳು, ಹಸು ಕರೆಯುವವಳು ಅವಳೇ. ಆದರೆ ಪಹಣಿಯಲ್ಲಿ ಹೆಸರಿಲ್ಲದೆ ಬೆಳೆಸಾಲ ಸಿಗುವುದು ಕಷ್ಟ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣ ಹೋಗುವುದೂ ಭೂದಾಖಲೆಯಲ್ಲಿ ಹೆಸರಿದ್ದವರ ಖಾತೆಗೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. ತಮಾಷೆಯೆಂದರೆ, 2013ರ ಆಹಾರ ಭದ್ರತಾ ಕಾಯಿದೆಯ ನಂತರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಯಜಮಾನಿಗೇ. ಅಕ್ಕಿಯ ಮಟ್ಟಿಗೆ ನಮ್ಮಮ್ಮ ಯಜಮಾನಿ, ಅಕ್ಕಿ ಬೆಳೆಯುವ ನೆಲದ ಮಟ್ಟಿಗೆ ಅವಳು ಯಾರೂ ಅಲ್ಲ.

ಇದು ಬರೀ ದುಡ್ಡಿನ ಮಾತಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮತ್ತು ಪ್ರದೀಪ್ ಪಂಡಾ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮದುವೆಯಾದ ಹೆಂಗಸರನ್ನು ಮಾತಾಡಿಸಿ ಒಂದು ಲೆಕ್ಕ ಕೊಟ್ಟಿದ್ದಾರೆ. ಜಮೀನಾಗಲಿ ಮನೆಯಾಗಲಿ ಇಲ್ಲದವರಲ್ಲಿ ಗಂಡನಿಂದ ಹೊಡೆತ ತಿಂದವರು ನೂರಕ್ಕೆ 49. ಎರಡೂ ತಮ್ಮ ಹೆಸರಲ್ಲಿದ್ದವರಲ್ಲಿ 7. ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಖೆಗೆ ಬರುತ್ತಿದ್ದ, ಎಡಗೈ ಬಳೆಯನ್ನು ಮೊಣಕೈವರೆಗೂ ಏರಿಸಿ ಇಟ್ಟುಕೊಳ್ಳುತ್ತಿದ್ದ ಒಬ್ಬಾಕೆ. ಹೊಡೆದಾಗ ಹೋಗಲು ಇನ್ನೊಂದು ಬಾಗಿಲಿದೆ ಎಂದು ಹೊಡೆಯುವವನಿಗೆ ಗೊತ್ತಿದ್ದರೆ ಕೈ ಏಳುವುದೇ ಬೇರೆ ಥರ.

ಕೇರಳದ್ದೇ ಇನ್ನೊಂದು. ತಿರುವಾಂಕೂರಿನ ಸಿರಿಯನ್ ಕ್ರೈಸ್ತರಲ್ಲಿ 1916ರ ಕಾಯಿದೆಯಂತೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಅದನ್ನು ಬೀಳಿಸಿದರು. ತಮ್ಮನ 5,000 ಬಂದ ರಾತ್ರಿ ನನಗೆ ಆ ಮೊತ್ತ ಯಾಕೆ ನೆನಪಾಯಿತೋ.

ತಮ್ಮನ ಪರವಾಗಿ ಹೇಳಬೇಕಾದ ಮಾತೂ ಇದೆ. ಅಮ್ಮನನ್ನು ನೋಡಿಕೊಳ್ಳುತ್ತಿರುವವನು ಅವನು, ನುಸಿರೋಗ ಬಂದಾಗ ತೋಟ ಉಳಿಸಿಕೊಂಡವನು ಅವನು. ಈ ಮಾತಿಗೆ ನಾನು ಬಹಳ ದಿನ ತಲೆಬಾಗಿಸಿದ್ದೆ. ಆಮೇಲೆ ಕಳೆದ ವರ್ಷ ಅಮ್ಮ ಜಾರಿಬಿದ್ದು ಸೊಂಟದ ಆಪರೇಷನ್ ಆದಾಗ ಹದಿನೈದು ದಿನ ಊರಲ್ಲಿದ್ದೆ. ಅಮ್ಮನನ್ನು ಎಬ್ಬಿಸಿ ಕೂರಿಸುವವಳು, ಸ್ನಾನ ಮಾಡಿಸುವವಳು, ರಾತ್ರಿ ಎರಡು ಸಲ ಎದ್ದು ನೋಡುವವಳು ತಮ್ಮನ ಹೆಂಡತಿ. ತಮ್ಮ ಔಷಧಿ ತಂದುಕೊಡುತ್ತಾನೆ, ಸಂಜೆ ಬಂದು "ಹೆಂಗಿದೀಯಮ್ಮ" ಅನ್ನುತ್ತಾನೆ. 2019ರ ಸರ್ಕಾರಿ ಸಮೀಕ್ಷೆಯೊಂದರಲ್ಲಿ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ಎಂದಿತ್ತು. ನಮ್ಮ ಮನೆಗೆ ಆ 97 ಸ್ವಲ್ಪ ಜಾಸ್ತಿಯಾಯಿತು. ಅಂದರೆ ಅಮ್ಮನ ಸೇವೆಯ ಲೆಕ್ಕದಲ್ಲಿ ಪಾಲು ಹೋಗಬೇಕಾದ್ದು ಯಾರಿಗೆ? ತೋಟ ಅವಳ ಹೆಸರಲ್ಲೂ ಇಲ್ಲ. ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು 2007ರ ಕಾಯಿದೆ ಮಗಳ ಮೇಲೂ ಹೊರಿಸಿದೆ, ಅದಕ್ಕೆ ನನ್ನ ತಕರಾರಿಲ್ಲ. ಹೊಣೆ ಮಗಳಿಗೂ, ನೆಲ ಮಗನಿಗೆ, ದುಡಿತ ಸೊಸೆಗೆ ಎನ್ನುವ ಈ ಹಂಚಿಕೆಗಿದೆ.

ಈಗ ಹನ್ನೆರಡು ಗುಂಟೆಗೆ ಬರುತ್ತೇನೆ. ರಸ್ತೆ ಅಗಲವಾಗುತ್ತದಂತೆ. ರಾಗಿ ಬೆಳೆಯುತ್ತಿದ್ದ, ಯಾರಿಗೂ ಬೇಡವಾಗಿದ್ದ ಆ ತುಂಡಿಗೆ ಈಗ ಅಂಗಡಿ ಮಳಿಗೆಯ ಬೆಲೆ. ತಾತನ ಹೆಸರಲ್ಲಿರುವುದರಿಂದ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಸೋದರತ್ತೆಯೂ ಬರುತ್ತಾಳೆ. ಈ ಮರದಲ್ಲಿ ನಮ್ಮ ಹೆಸರು ಹತ್ತುವುದು ಕಡಿಯುವ ಹೊತ್ತಿಗೇ. ಎಪ್ಪತ್ತೆಂಟರ ಅವಳನ್ನು ತಮ್ಮ ಆಧಾರ್ ಅಪ್‌ಡೇಟಿಗೆ ಕರೆದುಕೊಂಡು ಹೋಗಿದ್ದಾನೆ. ಮೂರು ಸಲ ಒತ್ತಿದರೂ ಮೆಷಿನ್ನು ಅವಳ ಹೆಬ್ಬೆರಳನ್ನು ತೆಗೆದುಕೊಂಡಿಲ್ಲ. ತೆಂಗಿನ ಗರಿ, ಸಗಣಿ, ಬೂದಿ ತಿಕ್ಕಿ ತಿಕ್ಕಿ ಗೆರೆಗಳೇ ಉಳಿದಿಲ್ಲ. "ಅದೊಂದು ತಲೆನೋವಾಗಿದೆ ಅಕ್ಕ" ಅಂದ.

ಸೋದರತ್ತೆಗೇ ಫೋನು ಮಾಡಿದೆ. "ನಂಗ್ಯಾಕವ್ವ ಆ ಮಣ್ಣು" ಎಂದು ಶುರು ಮಾಡಿದಳು, ನಾನು ಎಣಿಸಿದ್ದೂ ಅದೇ. ಆಮೇಲೆ ಸ್ವಲ್ಪ ತಡೆದು, "ಅಲ್ಲೊಂದು ಹುಣಸೇಮರ ಐತೆ ನೋಡು ಬದುವಿನಾಗೆ. ನಂಗೆ ಹತ್ತು ವರ್ಷ ಇದ್ದಾಗ ಬೀಜ ಹಾಕಿದ್ದು ನಾನು. ಅದನ್ನ ಕಡಿತಾರಂತಾ?" ಅಂದಳು. ಆ ಮರದ ಕೆಳಗೆ ನಾನೂ ತಮ್ಮನೂ ಬೇಸಗೆಯೆಲ್ಲ ಆಡಿದ್ದೇವೆ. ಅದನ್ನು ತಾತ ನೆಟ್ಟದ್ದು ಅಂತಲೇ ನಮಗೆ ಹೇಳಿದ್ದರು.

ಮಾರನೇ ಸಂಜೆ ತಮ್ಮನಿಗೆ ಹೇಳಿದೆ. "ಬರ್ತೀನಿ ಕಣೋ. ಆದ್ರೆ ಖುಲಾಸೆಗೆ ಅಲ್ಲ. ಜಂಟಿ ಖಾತೆ ಮಾಡ್ಸು. ಅಮ್ಮಂದು, ಅತ್ತೇದು, ನಿಂದು, ನಂದು, ಎಲ್ಲರ ಹೆಸರೂ ಬರ್ಲಿ. ತೋಟದ ವಿಷಯ ಎತ್ತಲ್ಲ, ಅದು ಆಗೋಯ್ತು."

ಆ ಕಡೆ ಟ್ರ್ಯಾಕ್ಟರ್ ಸದ್ದು ದಾಟಿ ಹೋಗುವ ತನಕ ಅವನು ಮಾತಾಡಲಿಲ್ಲ. ಆಮೇಲೆ, "ಯಾರು ಹೇಳ್ಕೊಟ್ರು ಅಕ್ಕ ನಿಂಗೆ? ಭಾವ ಏನಾದ್ರೂ ಅಂದ್ರಾ?" ಎಂದು ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. ಇಪ್ಪತ್ತೆರಡು ವರ್ಷದಿಂದ ಬ್ಯಾಂಕಿನಲ್ಲಿ ಜನರ ಆಸ್ತಿಪತ್ರ ಓದುತ್ತಿರುವ ಅಕ್ಕ ಇದನ್ನು ತಾನೇ ಯೋಚಿಸಿರಬಹುದು ಎಂದು ಅವನಿಗೆ ತೋಚಲಿಲ್ಲ. ಯಾರೂ ಹೇಳಿಕೊಡಲಿಲ್ಲ ಅಂದೆ. "ಸರಿ ನೋಡ್ತೀನಿ" ಅಂದು ಇಟ್ಟ. ನೋಡ್ತೀನಿ ಅನ್ನುವುದು ನಮ್ಮ ಮನೆಯವರ ಮಾತು, ಅದಕ್ಕೆ ಏನು ಅರ್ಥ ಬೇಕಾದರೂ ಇರಬಹುದು.

ಅವನು ಫೋನು ಮಾಡಿ ಇವತ್ತಿಗೆ ಒಂಬತ್ತು ದಿನ. ಆ 5,000 ಹಾಗೇ ಇದೆ, ಸೀರೆ ಕೊಂಡಿಲ್ಲ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ತಮ್ಮನ ಹೆಂಡತಿಯಿಂದ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜು ಬಂತು. ಅವಳು ನನಗೆ ಹಾಗೆಲ್ಲ ಕಳಿಸುವವಳಲ್ಲ. ಬೈಗುಳ ಇರಬಹುದು ಎಂದು ಬಾಲ್ಕನಿಗೆ ಹೋಗಿ ಕಿವಿಗೆ ಹಿಡಿದುಕೊಂಡೆ. ಹಿಂದೆ ನಲ್ಲಿಯ ನೀರು ಬೀಳುವ ಸದ್ದು, ಅದರ ಮರೆಯಲ್ಲಿ ಪಿಸುದನಿ:

"ಅಕ್ಕ, ಮಲಗಿದ್ರಾ? ಇವ್ರಿಗೆ ಹೇಳ್ಬೇಡಿ ನಾನು ಕೇಳ್ದೆ ಅಂತ. ನಮ್ಮೂರಲ್ಲಿ ಅಪ್ಪ ಹೋದಾಗ ನನ್ನ ಹತ್ರಾನೂ ಸೈನ್ ಹಾಕಿಸ್ಕೊಂಡಿದ್ರು. ಎರಡು ವರ್ಷ ಆಯ್ತು. ಅದು ರಿಜಿಸ್ಟರ್ ಆಗಿದೆಯೋ ಬರೀ ಛಾಪಾ ಕಾಗದವೋ ಅಂತ ಹೆಂಗೆ ಗೊತ್ತಾಗುತ್ತೆ ಅಕ್ಕ?"

ಸರ್ವೆ ನಂಬರ್ ಕಳಿಸು ಅಂತ ಬರೆದೆ.